ಒಂದು ಕ್ವಿಂಟಲ್ ರಾಗಿ ಬೆಲೆಯ ಬ್ಯಾಟ್ರಿ

ಹೋದ ಆಗಸ್ಟಿನ ಒಂದು ರಾತ್ರಿ. ಹುಣಸೂರು ತಾಲ್ಲೂಕಿನ ನಮ್ಮೂರಲ್ಲಿ ಚಿಕ್ಕಪ್ಪನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ಕೂತಿದ್ದೆ. ಹೊಗೆಸೊಪ್ಪು ಏರಿಸಿ ಎರಡನೇ ರಾತ್ರಿ ಅದು. ಒಲೆಬಾಯಲ್ಲಿ ಸೌದೆ ಸಣ್ಣಗೆ ಉರಿಯುತ್ತಿತ್ತು, ಮಳೆ ನಿಂತು ಸೂರಿನ ಹನಿ ಇನ್ನೂ ತೊಟ್ಟಿಕ್ಕುತ್ತಿತ್ತು. ಗಂಟೆ ಎರಡಾಗಿರಬೇಕು. ಚಿಕ್ಕಪ್ಪ ಎದ್ದು ಗೋಡೆಯ ಸಣ್ಣ ಕಿಟಕಿ ತೆಗೆದು, ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ಟಾರ್ಚಿನ ಬೆಳಕು ಹಾಯಿಸಿ ಒಳಗೆ ನೋಡಿದರು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ಕೈ ಚಾಚಿ, ‘ನಿನ್ ಬ್ಯಾಟ್ರಿ ಕೊಡ್ಲಾ ಮಗ’ ಅಂದರು.

ಜೇಬಿನಿಂದ ತೆಗೆದು ಕೊಟ್ಟೆ. ತೋರುಬೆರಳಿಗಿಂತ ತುಸು ಉದ್ದ, ಹೆಬ್ಬೆರಳಷ್ಟು ದಪ್ಪ. ಸೆಲ್ ಸೇರಿ ತೂಗಿದರೂ ನೂರು ಗ್ರಾಂ ಮುಟ್ಟದ ಅಲ್ಯೂಮಿನಿಯಂ ಟಾರ್ಚು. ಅದರ ಬೆಳಕಿನಲ್ಲಿ ಅವರು ಸಾಲಾಗಿ ತೂಗುಬಿಟ್ಟ ಸೊಪ್ಪನ್ನು ಒಂದೊಂದೇ ಅಂತಸ್ತು ನೋಡುತ್ತಾ ಹೋದರು. ‘ಇನ್ನೂ ಅಣ್ಣಾಗಿಲ್ಲ ಕಲಾ. ಮ್ಯಾಗ್ಲ ಸಾಲಲ್ಲಿ ನರದ ಪಕ್ಕ ಹಸ್ರು ಐತೆ. ನನ್ ಟಾರ್ಚಲ್ಲಿ ಎಲ್ಲಾ ಒಂದೇ ಬಣ್ಣ ಕಂಡಿತ್ತು.’ ಉರಿ ಏರಿಸಲೆಂದು ಎತ್ತಿಟ್ಟಿದ್ದ ಸೌದೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಕೂತರು.

ಈ ಟಾರ್ಚಿಗೆ ನಾನು ಕೊಟ್ಟ ದುಡ್ಡನ್ನು ಮನೆಯಲ್ಲಿ ಹೇಳಲು ಹಲವು ದಿನ ಹಿಂಜರಿದಿದ್ದೆ. 2025–26ರ ಸಾಲಿಗೆ ಕೇಂದ್ರ ಸರ್ಕಾರ ಒಂದು ಕ್ವಿಂಟಲ್ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ 4,886 ರೂಪಾಯಿ. ನಾನು ಕೊಟ್ಟದ್ದು ಹೆಚ್ಚೂಕಡಿಮೆ ಅಷ್ಟೇ. ಉತ್ತು, ಬಿತ್ತಿ, ಕಳೆ ಕಿತ್ತು, ಕೊಯ್ದು, ಒಕ್ಕಿ, ತೂರಿ ಚೀಲ ತುಂಬಿಸಿದ ಒಂದು ಕ್ವಿಂಟಲ್ ರಾಗಿಯ ಎದುರಿಗೆ ಬೆರಳಷ್ಟುದ್ದದ ಒಂದು ಬ್ಯಾಟ್ರಿ. ಈ ತೂಕ ಸರಿಯೇ? ನಾಲ್ಕು ತಾಲ್ಲೂಕುಗಳ ಓಡಾಟದಲ್ಲಿ ಒಂದು ವರ್ಷ ಇದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ ಮೇಲೆ ಆ ಪ್ರಶ್ನೆಗೆ ಉತ್ತರ ಹೇಳಬಹುದು ಎನ್ನಿಸಿದೆ. ತಯಾರಕರ ಹೆಸರು ಇಲ್ಲಿ ಬರೆಯುವುದಿಲ್ಲ. ಈ ದರ್ಜೆಯ ಟಾರ್ಚು ಮಾಡುವವರು ಹಲವರಿದ್ದಾರೆ. ಕೊಳ್ಳುವವರಿಗೆ ಬೇಕಾದದ್ದು ಗುಣದ ಗುರುತು.

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಎಂದೇ ಹೆಸರು. ಒಳಗೆ ಹಾಕುವುದು ಸೆಲ್ಲು. ‘ಬ್ಯಾಟ್ರಿ ಬುಡು’ ಅಂದರೆ ಬೆಳಕು ಹಾಯಿಸು ಎಂದರ್ಥ. ಅಪ್ಪನ ಹತ್ತಿರ ಮೂರು ದಪ್ಪ ಸೆಲ್ಲಿನ ಹಿತ್ತಾಳೆ ಬ್ಯಾಟ್ರಿ ಇತ್ತು. ಸೆಲ್ಲು ಸೋತಾಗ ಬಿಸಿಲಿಗಿಟ್ಟು, ಸಂಜೆ ಮತ್ತೆ ತುಂಬಿಸಿ ಇನ್ನೆರಡು ದಿನ ನಡೆಸುತ್ತಿದ್ದರು. ಅದರ ಬಲ್ಬು ಕೊಡುತ್ತಿದ್ದ ಬೆಳಕು ಇಂದಿನ ಲೆಕ್ಕದಲ್ಲಿ ಕೆಲವು ಹತ್ತು ಲುಮೆನ್ ಅಷ್ಟೇ. ಈಗ ಸಂತೆಯಲ್ಲಿ ಸಿಗುವ ಅಗ್ಗದ ಟಾರ್ಚಿನ ಡಬ್ಬದ ಮೇಲೂ ಸಾವಿರ, ಹತ್ತು ಸಾವಿರ ಎಂದು ಅಚ್ಚಾಗಿರುತ್ತದೆ. ಹಾಗಾದರೆ ಅಪ್ಪ ಆ ಮಂದ ಬೆಳಕಿನಲ್ಲೇ ಸೊಪ್ಪು ಹಣ್ಣಾದದ್ದನ್ನು ಸರಿಯಾಗಿ ಹೇಳುತ್ತಿದ್ದದ್ದು ಹೇಗೆ?

ಉತ್ತರ ಬಣ್ಣದಲ್ಲಿದೆ. ಕಾದು ಕೆಂಪಾಗಿ ಉರಿಯುವ ತಂತಿಯ ಬೆಳಕಿನಲ್ಲಿ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಇರುತ್ತವೆ. ಎಲ್‌ಇಡಿಯ ಬೆಳಕು ಹುಟ್ಟುವ ರೀತಿ ಬೇರೆ. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಕಮುರಾ 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನು ಹೊರತಂದರು. ಆ ಸಾಧನೆಗಾಗಿ ಅವರಿಗೂ, ಅದೇ ಹಾದಿಯಲ್ಲಿ ದುಡಿದ ಇಸಾಮು ಅಕಸಾಕಿ ಮತ್ತು ಹಿರೋಶಿ ಅಮಾನೊ ಅವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿತು. ನಾವು ಬಿಳಿ ಎಲ್‌ಇಡಿ ಎನ್ನುವುದು ನಿಜವಾಗಿ ಈ ನೀಲಿ ದೀಪವೇ. ಅದರ ಮೇಲೆ ಹಳದಿ ಬೆಳಕು ಬೀರುವ ಪುಡಿಯ ಲೇಪ ಬಳಿದಿರುತ್ತಾರೆ. ನೀಲಿಯೂ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಅಗ್ಗದ ಲೇಪದಲ್ಲಿ ಕೆಂಪು ಬಡವಾಗುತ್ತದೆ. ಕೆಂಪು ಇಲ್ಲದ ಬೆಳಕಿನಲ್ಲಿ ಮಾಗಿದ ಎಲೆ, ಒಣಗಿದ ಎಲೆ, ಮಣ್ಣು, ರಕ್ತ ಎಲ್ಲವೂ ಬೂದಿ ಬಣ್ಣಕ್ಕೆ ತಿರುಗುತ್ತವೆ.

ಇದನ್ನು ಅಳೆಯಲು ಸಿ.ಆರ್.ಐ. ಎಂಬ ಅಂಕವಿದೆ, ಬಣ್ಣ ತೋರುವ ಗುಣದ ಅಂಕ. ಸೂರ್ಯನ ಬೆಳಕಿಗೆ 100. ಅಪ್ಪನ ಹಳೆಯ ಬಲ್ಬಿಗೂ ಹತ್ತಿರ ಹತ್ತಿರ 100. ಸಾಮಾನ್ಯ ಎಲ್‌ಇಡಿ ಟಾರ್ಚಿಗೆ 70ರ ಆಸುಪಾಸು. ಒಳ್ಳೆಯ ಕಿರುಟಾರ್ಚುಗಳಲ್ಲಿ ಬಳಸುವ ಕೆಲವು ಎಲ್‌ಇಡಿಗಳು 90 ದಾಟುತ್ತವೆ, ನನ್ನದರಲ್ಲಿರುವುದು ಅಂಥದ್ದು. ಆದರೆ ಕೆಂಪನ್ನು ತುಂಬಿಕೊಡುವ ಲೇಪ ಸ್ವಲ್ಪ ಬೆಳಕನ್ನು ತಿನ್ನುತ್ತದೆ, ಹಾಗಾಗಿ ಅಷ್ಟೇ ವಿದ್ಯುತ್ತಿಗೆ ಲುಮೆನ್ ಕಡಿಮೆ ಬರುತ್ತದೆ. ಡಬ್ಬದ ಮೇಲಿನ ಅಂಕಿಯನ್ನಷ್ಟೇ ನೋಡಿ ಕೊಳ್ಳುವವರು ಈ ಟಾರ್ಚನ್ನು ಪಕ್ಕಕ್ಕಿಟ್ಟು, ಅಂಕಿ ದೊಡ್ಡದಿರುವ, ಬಣ್ಣ ಕಾಣಿಸದ ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಮೊದಲು ನಾನೂ ಹಾಗೆಯೇ ಎತ್ತಿಕೊಂಡಿದ್ದೆ.

ಹುಣಸೂರಿನಲ್ಲಿ ಬಣ್ಣವೇ ದುಡ್ಡು. ಇಲ್ಲಿ ಬೆಳೆಯುವುದು ವರ್ಜೀನಿಯಾ ತಂಬಾಕು, ಬ್ಯಾರನ್ನಿನ ಬಿಸಿಗಾಳಿಯಲ್ಲಿ ಬೇಯಿಸುವ ಜಾತಿ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದದ್ದು 1984ರಲ್ಲಿ. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ಬೇಲ್ ಬಿಚ್ಚಿದಾಗ ಮೊದಲು ಕಣ್ಣಿಗೆ ಬೀಳುವುದು ಎಲೆಯ ಬಣ್ಣ. ನಿಂಬೆ ಹಳದಿ, ಕಿತ್ತಳೆ ಹಳದಿಗೆ ಒಂದು ಬೆಲೆ. ಹಸಿರು ಉಳಿದರೆ, ಕಂದು ತಿರುಗಿದರೆ ಬೇರೆಯದೇ ಬೆಲೆ. ಆ ಬಣ್ಣ ತೀರ್ಮಾನವಾಗುವುದು ಬ್ಯಾರನ್ನಿನೊಳಗೆ. ಮೊದಲ ಒಂದೂವರೆ ಎರಡು ದಿನ 95ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನ ಹದ ಬಿಸಿಯಲ್ಲಿ ಸೊಪ್ಪು ಹಣ್ಣಾಗಬೇಕು. ಹಣ್ಣಾಗುವ ಮೊದಲೇ ಉರಿ ಏರಿಸಿದರೆ ಹಸಿರು ಹಾಗೆಯೇ ಒಣಗಿ ನಿಲ್ಲುತ್ತದೆ. ಹಣ್ಣಾದ ಮೇಲೂ ತಡ ಮಾಡಿದರೆ ಎಲೆ ಕಂದಾಗುತ್ತದೆ. ಆಮೇಲೆ ಎಲೆ ಒಣಗಿಸಿ, ಕೊನೆಗೆ 160 ಡಿಗ್ರಿವರೆಗೂ ಏರಿಸಿ ದಂಟನ್ನು ಒಣಗಿಸುತ್ತಾರೆ. ಉರಿ ಏರಿಸುವ ಆ ಗಳಿಗೆ ಹಗಲಲ್ಲೇ ಬರಬೇಕೆಂದಿಲ್ಲ. ರಾತ್ರಿ ಎರಡು ಗಂಟೆಗೆ ಕಿಟಕಿಯಿಂದ ಇಣುಕಿ ಹಸಿರೋ ಹಳದಿಯೋ ಹೇಳಬೇಕಾದವನಿಗೆ ಸಾವಿರ ಲುಮೆನ್ನಿನ ನೀಲಿ ಬೆಳಕಿಗಿಂತ ಐವತ್ತು ಲುಮೆನ್ನಿನ ಸತ್ಯವಾದ ಬೆಳಕು ಬೇಕು.

ಎಲ್‌ಇಡಿ ಬಂದಾಗ ನಾವು ಸೆಲ್ಲು ಉಳಿಯಿತು, ಬಲ್ಬು ಸುಡುವ ಕಾಟ ತಪ್ಪಿತು ಎಂದು ಹಿಗ್ಗಿದೆವು. ಬಣ್ಣ ಕಳೆದುಕೊಂಡದ್ದು ಯಾರ ಗಮನಕ್ಕೂ ಬರಲಿಲ್ಲ. ಅಪ್ಪ ಇದ್ದಿದ್ದರೆ ಬಹುಶಃ ಮೊದಲ ರಾತ್ರಿಯೇ ಹೇಳುತ್ತಿದ್ದರು.

ಬ್ಯಾರನ್ನಿನ ಕೊನೆಯ ಎರಡು ರಾತ್ರಿಗಳಲ್ಲಿ ಇನ್ನೊಂದು ಕೆಲಸವಿದೆ. ಗರಿಗರಿಯಾದ ಎಲೆ ಕಡ್ಡಿಯಿಂದ ಕಳಚಿ ಕೆಳಗಿನ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಒಂದು ವರ್ಷದ ದುಡಿಮೆ ಅರ್ಧ ಗಂಟೆಯಲ್ಲಿ ಬೂದಿ. ಅದನ್ನು ನೋಡಲು ಕಿಟಕಿಯಿಂದ ನೆಲದವರೆಗೆ ನೇರವಾಗಿ ಇಳಿಯುವ ಬೆಳಕಿನ ಕೋಲು ಬೇಕು. ಬೆಳಕಿನ ಆಕಾರದ ಪ್ರಶ್ನೆ ಬರುವುದು ಇಲ್ಲಿ. ಅದು ನನಗೆ ಸರಿಯಾಗಿ ಅರ್ಥವಾದದ್ದು ಮಾತ್ರ ಕೆ.ಆರ್.ನಗರದ ಗದ್ದೆ ಬದುವಿನ ಮೇಲೆ.

ಅಕ್ಕನನ್ನು ಕೊಟ್ಟಿರುವುದು ಚುಂಚನಕಟ್ಟೆ ಕಡೆಗೆ. ಭತ್ತದ ಕಣಜ ಎಂದು ಹೆಸರಾದ ಸೀಮೆ. ಕಾವೇರಿಯ ನಾಲೆಗಳ ನೀರು, ನೀರಿನ ಸರದಿ, ಸರದಿ ತಪ್ಪಿದರೆ ಜಗಳ. ನಾಲೆ ಇಲ್ಲದ ಕಡೆ ಪಂಪ್‌ಸೆಟ್ಟು, ತ್ರೀಫೇಸ್ ಕರೆಂಟು ಬಂದ ಹೊತ್ತೇ ನೀರಿನ ಹೊತ್ತು. ಎರಡರಲ್ಲಿ ಯಾವುದಾದರೂ ರಾತ್ರಿ ಎದ್ದು ಹೋಗುವುದು ತಪ್ಪುವುದಿಲ್ಲ. ಭಾವನ ಜೊತೆ ನೀರು ಕಟ್ಟಲು ಹೋದ ರಾತ್ರಿ ಅವರ ಕೈಲಿ ಮೊಬೈಲ್ ದೀಪವಿತ್ತು, ಹೆಗಲ ಮೇಲೆ ಗುದ್ದಲಿ. ಮೊಬೈಲಿನ ಬೆಳಕು ಮುಂದಿನ ಎರಡು ಹೆಜ್ಜೆಗೆ ಹರಡಿ ಅಲ್ಲೇ ಮುಗಿಯುತ್ತಿತ್ತು. ಕೆಸರಿನ ಕೈ, ಒದ್ದೆ ಬೆರಳು, ಪರದೆ ಮಾತು ಕೇಳದು. ಜೊತೆಗೆ ಇನ್ನೊಂದು ವಿಷಯವಿದೆ, ಅದನ್ನು ನಗುತ್ತಾ ಹೇಳಲಾಗುವುದಿಲ್ಲ: ಹಾವು ಕಡಿದರೆ 108ಕ್ಕೆ ಕರೆ ಮಾಡಬೇಕಾದದ್ದೂ ಅದೇ ಮೊಬೈಲಿನಿಂದ. ದೀಪಕ್ಕೆ ಚಾರ್ಜ್ ಖಾಲಿ ಮಾಡಿಕೊಂಡವನು ಗದ್ದೆಯ ನಡುವೆ ಕತ್ತಲಲ್ಲಿ ಒಬ್ಬನೇ ಉಳಿಯುತ್ತಾನೆ.

ಇದು ದೂರದ ಭಯವಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಹೆಚ್ಚಿನವರು ಹಳ್ಳಿಯವರು, ಸಾವು ಹೆಚ್ಚುವುದು ಮಳೆಗಾಲದಲ್ಲಿ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದೂ ಇದರ ಗಾತ್ರ ತಿಳಿದೇ. ನಮ್ಮ ಬದುಗಳಲ್ಲಿ ಕೊಳಕುಮಂಡಲವಿದೆ, ನಾಗರವಿದೆ, ಕಟ್ಟುಹಾವಿದೆ. ಕೊಳಕುಮಂಡಲ ದಾರಿ ಬಿಟ್ಟು ಓಡುವ ಹಾವಲ್ಲ. ಒಣಹುಲ್ಲಿನ ಮೇಲೆ ಒಣಹುಲ್ಲಿನ ಬಣ್ಣದಲ್ಲೇ ಸುತ್ತಿಕೊಂಡು ಮಲಗಿರುತ್ತದೆ. ಕಂದಿನ ಮೇಲಿನ ಕಂದನ್ನು ಬಿಡಿಸಿ ತೋರಿಸುವುದಕ್ಕೂ ಅದೇ ಬಣ್ಣ ಬಲ್ಲ ಬೆಳಕು ಬೇಕು. ಬ್ಯಾರನ್ನಿನಲ್ಲಿ ಎಲೆಗೆ ಬೇಕಾದದ್ದು ಇಲ್ಲಿ ಕಾಲಿಗೆ ಬೇಕು.

ಬದುವಿನ ನಡಿಗೆಗೆ ಬೆಳಕು ಅಗಲವಾಗಿ, ಒಂದೇ ಸಮನಾಗಿ ಹರಡಬೇಕು. ನಡುವೆ ಕಣ್ಣು ಕೋರೈಸುವ ಚುಕ್ಕೆ, ಸುತ್ತ ಕಗ್ಗತ್ತಲು ಇರುವ ಟಾರ್ಚು ಇಲ್ಲಿ ಅಪಾಯ. ಚುಕ್ಕೆಯ ಪಕ್ಕದಲ್ಲಿ ಏನು ಮಲಗಿದೆ ಎಂದು ಗೊತ್ತೇ ಆಗುವುದಿಲ್ಲ. ನನ್ನ ಟಾರ್ಚಿನ ಮುಂಭಾಗದ ಬಟ್ಟಲು ನುಣುಪಾಗಿಲ್ಲ, ಕಿತ್ತಳೆ ಹಣ್ಣಿನ ಸಿಪ್ಪೆಯ ಹಾಗೆ ತರಿತರಿಯಾಗಿದೆ. ಆ ತರಿ ಬೆಳಕನ್ನು ಮೆತ್ತಗೆ ಹರಡುತ್ತದೆ. ಭಾವ ಅದನ್ನು ಹಿಡಿದು ಹತ್ತು ಹೆಜ್ಜೆ ನಡೆದು, ನಿಂತು, ಹಿಂತಿರುಗಿ ನೋಡಿ, ‘ಹಗಲಲ್ಲಿ ನಡೆದಂಗೈತೆ’ ಅಂದರು. ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ, ಕಪಾಲಕ್ಕೆ ತಾಗಿಸಿ ಹಿಡಿದು ಹುಲ್ಲಿನತ್ತ ನೋಡಿದರೆ ಬದುವಿನುದ್ದಕ್ಕೂ ಇಬ್ಬನಿಯಂಥ ಹಸಿರು ಕಿಡಿಗಳು ಹೊಳೆಯುತ್ತವೆ. ಹತ್ತಿರ ಹೋದರೆ ಅವು ಜೇಡಗಳ ಕಣ್ಣು. ಅಕ್ಕನ ಮಕ್ಕಳು ಆ ರಾತ್ರಿ ಎಷ್ಟು ಹೊತ್ತಾದರೂ ಮನೆಗೆ ಬರಲಿಲ್ಲ. ಹಾವಿನ ಕಣ್ಣು ಹೀಗೆ ಹೊಳೆಯುವುದಿಲ್ಲ ಎಂಬುದನ್ನು ಅವರಿಗೆ ಹೇಳಿಯೇ ಒಳಗೆ ಕರೆದೆ.

ಎಚ್.ಡಿ.ಕೋಟೆಯ ಪಾಠ ಇದಕ್ಕೆ ತಿರುಗುಮುರುಗು. ಅಂತರಸಂತೆ ಕಡೆ ಗೆಳೆಯನ ಹೊಲ. ಅದರಾಚೆ ನಾಗರಹೊಳೆಯ ಕಾಡು. ರಾಗಿ ತೆನೆ ಬಲಿತಾಗ, ಮುಸುಕಿನ ಜೋಳ ಹಾಲುದುಂಬಿದಾಗ ಆನೆಗಳು ಇಳಿಯುತ್ತವೆ. ಕಂದಕ, ಸೋಲಾರ್ ಬೇಲಿ, ಹಳೆಯ ರೈಲು ಹಳಿಗಳ ತಡೆಬೇಲಿ ಎಲ್ಲ ಇದ್ದೂ ಅಟ್ಟಣೆಯ ಮೇಲೆ ರಾತ್ರಿ ಕಾಯುವುದು ನಿಂತಿಲ್ಲ. ಇಲ್ಲಿ ಬೆಳಕು ದೂರ ಹೋಗಬೇಕು. ದೂರದ ಲೆಕ್ಕ ಲುಮೆನ್ನಿನದಲ್ಲ. ಲುಮೆನ್ ಅಂದರೆ ಟಾರ್ಚಿನಿಂದ ಒಟ್ಟು ಹೊರಟ ಬೆಳಕು. ಅದನ್ನು ಒಂದು ದಿಕ್ಕಿಗೆ ಎಷ್ಟು ಬಿಗಿಯಾಗಿ ಕಟ್ಟಿದೆ ಎನ್ನುವುದು ಕ್ಯಾಂಡೆಲಾ. ಕೊಡದಲ್ಲಿರುವ ನೀರಿಗೂ ಪೈಪಿನ ತುದಿ ಒತ್ತಿ ಹಿಡಿದು ಚಿಮ್ಮಿಸುವ ನೀರಿಗೂ ಇರುವ ವ್ಯತ್ಯಾಸ.

ಕ್ಯಾಂಡೆಲಾ ಅಂಕಿಯ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಡಬ್ಬದ ಮೇಲಿನ ‘ಇಷ್ಟು ಮೀಟರ್’ ಸಿಗುತ್ತದೆ. 2,500 ಕ್ಯಾಂಡೆಲಾ ಇದ್ದರೆ 100 ಮೀಟರ್. 10,000 ಇದ್ದರೆ 200 ಮೀಟರ್. ದೂರ ಎರಡರಷ್ಟಾಗಲು ಕ್ಯಾಂಡೆಲಾ ನಾಲ್ಕರಷ್ಟಾಗಬೇಕು. ಆದರೆ ಆ 100 ಮೀಟರ್ ಎಂಬುದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಅಷ್ಟು ದೂರದಲ್ಲಿ ಬೀಳುವ ಬೆಳಕು 0.25 ಲಕ್ಸ್, ಅಂದರೆ ಮೋಡವಿಲ್ಲದ ಹುಣ್ಣಿಮೆಯ ಬೆಳದಿಂಗಳಷ್ಟು. ಬೆಳದಿಂಗಳಲ್ಲಿ ನೂರು ಮೀಟರ್ ಆಚೆ ನಿಂತದ್ದು ಆನೆಯೋ ಲಂಟಾನ ಪೊದೆಯೋ? ಆನೆಯ ಬೂದು ಮೈ ಬೆಳಕನ್ನು ನುಂಗಿಬಿಡುತ್ತದೆ. ಕೆಲಸಕ್ಕೆ ಬರುವ ದೂರ ಡಬ್ಬದ ದೂರದ ಅರ್ಧಕ್ಕಿಂತ ಹೆಚ್ಚಿಲ್ಲ ಎಂದೇ ಹಿಡಿಯುವುದು ಕ್ಷೇಮ.

ಹಾಗಾಗಿ ನೇರವಾಗಿ ಹೇಳುತ್ತೇನೆ: ಆನೆ ಕಾಯಲು ಜೇಬಿನ ಟಾರ್ಚು ಸಾಲದು. ಎಷ್ಟೇ ದುಡ್ಡು ಕೊಟ್ಟರೂ ಹೆಬ್ಬೆರಳಗಲದ ಬಟ್ಟಲಿನಿಂದ ದೂರಕ್ಕೆ ಬೆಳಕಿನ ಕೋಲು ಹೊರಡುವುದಿಲ್ಲ. ಅಗಲವಾದ ಬಟ್ಟಲಿನ ದೊಡ್ಡ ಟಾರ್ಚೇ ಬೇಕು, ಅದು ಇದರ ಅರ್ಧ ಬೆಲೆಗೇ ಸಿಗುತ್ತದೆ. ಅಟ್ಟಣೆಯಲ್ಲಿ ಇದರ ಕೆಲಸ ಬೇರೆ. ಏಣಿ ಇಳಿಯುವಾಗ, ಫ್ಲಾಸ್ಕಿನಿಂದ ಟೀ ಬಗ್ಗಿಸುವಾಗ, ಬಿದ್ದ ಬೆಂಕಿಪೊಟ್ಟಣ ಹುಡುಕುವಾಗ ಇದರ ಅತಿ ಸಣ್ಣ ಬೆಳಕು, ಒಂದು ಲುಮೆನ್‌ಗಿಂತಲೂ ಕಡಿಮೆ ಇರುವ ಮಿಣುಕು, ಸಾಕು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ದೊಡ್ಡ ಬೆಳಕು ಒಮ್ಮೆ ಹೊತ್ತಿದರೆ ಆ ಅರ್ಧ ಗಂಟೆಯ ಗಳಿಕೆ ಕ್ಷಣದಲ್ಲಿ ಹೋಗುತ್ತದೆ, ಆಮೇಲೆ ಹೊಲದ ಅಂಚಿನಲ್ಲಿ ಅಲುಗಿದ್ದು ಕಾಣುವುದಿಲ್ಲ. ಕಾಯುವವರ ಕಣ್ಣನ್ನು ಕೆಡಿಸದ ಬೆಳಕು ಎನ್ನುವ ಕಾರಣಕ್ಕೇ ಗೆಳೆಯ ಇದನ್ನು ಮೆಚ್ಚಿದ. ನಾನು ಕೊಂಡಾಗ ಈ ಮಿಣುಕನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ರಾತ್ರಿಯ ಹತ್ತು ಬಳಕೆಯಲ್ಲಿ ಏಳು ಅದೇ.

ಒಂದು ಮಾತು ಸೇರಿಸಲೇಬೇಕು. ಕೈಲಿ ಬೆಳಕಿದೆ ಎಂದು ಆನೆಯ ಕಡೆ ಹೆಜ್ಜೆ ಹಾಕಬಾರದು, ಅದರ ಕಣ್ಣಿಗೆ ಬಿಟ್ಟು ಕೆಣಕಬಾರದು. ರಾತ್ರಿ ಕಾಡಿನೊಳಗೆ ಕಾಲಿಡುವುದೂ, ರಸ್ತೆ ಬದಿ ನಿಂತು ಪ್ರಾಣಿಗಳ ಮೇಲೆ ಬೆಳಕು ಹಾಯಿಸುವುದೂ ತಪ್ಪು. ಕಬಿನಿ ಹಿನ್ನೀರಿನ ಕಡೆ ಬರುವ ಪ್ರವಾಸಿಗರಲ್ಲಿ ಕೆಲವರಿಗೆ ಹೊಸ ಟಾರ್ಚಿನ ಶಕ್ತಿ ಪರೀಕ್ಷಿಸಲು ಜಿಂಕೆಯ ಕಣ್ಣೇ ಬೇಕು. ಅದು ನನಗೆ ಸಿಟ್ಟು ತರಿಸುತ್ತದೆ. ಬೆಳಕು ಕಂಡು ಕಲ್ಲಾಗಿ ನಿಂತ ಪ್ರಾಣಿಗೆ ಆ ಗಳಿಗೆಯಲ್ಲಿ ತನ್ನ ಹಿಂದೆ ಬರುತ್ತಿರುವುದು ಕಾಣುವುದಿಲ್ಲ.

ಇನ್ನು ಸೆಲ್ಲು. ನನ್ನ ಲೆಕ್ಕದಲ್ಲಿ ಟಾರ್ಚಿನ ಹಣೆಬರಹ ತೀರ್ಮಾನವಾಗುವುದು ಇಲ್ಲಿ, ಅದೂ ಪಿರಿಯಾಪಟ್ಟಣದ ಬಸ್ ನಿಲ್ದಾಣದ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ.

ಇದಕ್ಕೂ ಮುಂಚೆ ನನ್ನ ಬಳಿ ಇನ್ನೊಂದು ದುಬಾರಿ ಟಾರ್ಚಿತ್ತು. ಬೆಳಕು ಬೆರಗು ಹುಟ್ಟಿಸುವಂಥದ್ದು. ಒಳಗೆ ಅದಕ್ಕೆಂದೇ ಮಾಡಿದ ಲಿಥಿಯಂ ಸೆಲ್. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟಕ್ಕೆ ಬೆಳಗಿನ ಜಾವ ಹತ್ತಲು ಹೊರಟಾಗ ಅರ್ಧ ಮೆಟ್ಟಿಲಲ್ಲೇ ಆರಿಹೋಯಿತು. ಹಿಂದಿನ ರಾತ್ರಿ ಚಾರ್ಜ್ ಮಾಡುವ ಹೊತ್ತಿಗೆ ಕರೆಂಟು ಇರಲಿಲ್ಲ. ಜೊತೆಗಿದ್ದ ಹಿರಿಯರೊಬ್ಬರ ಹಳೆಯ ಬ್ಯಾಟ್ರಿಯ ಹಿಂದೆ ಸಾಲಾಗಿ ಹತ್ತಿದೆವು. ಕೆಳಗಿಳಿದು ಪಿರಿಯಾಪಟ್ಟಣಕ್ಕೆ ಬಂದು ಕೇಳಿದರೆ ಆ ಸೆಲ್ ಯಾವ ಅಂಗಡಿಯಲ್ಲೂ ಇಲ್ಲ. ಪ್ರತಿ ಅಂಗಡಿಯ ಬೆಂಕಿಪೊಟ್ಟಣ, ಬೀಡಿಕಟ್ಟುಗಳ ಪಕ್ಕದಲ್ಲಿ ಇದ್ದದ್ದು ಪೆನ್ ಸೆಲ್ಲು. ಗೋಡೆ ಗಡಿಯಾರಕ್ಕೆ, ಟಿವಿ ರಿಮೋಟಿಗೆ ಹಾಕುವ ಅದೇ ಎಎ ಸೆಲ್ಲು. ಆ ದಿನವೇ ನಿಶ್ಚಯ ಮಾಡಿದೆ: ಪೆನ್ ಸೆಲ್ ತಿನ್ನದ ಟಾರ್ಚು ನನ್ನ ಜೇಬಿಗೆ ಬೇಡ.

ಈಗಿರುವುದು ಎರಡನ್ನೂ ತಿನ್ನುತ್ತದೆ. ಸಾಮಾನ್ಯ ಪೆನ್ ಸೆಲ್ಲೂ ಆಗುತ್ತದೆ, ಅದೇ ಗಾತ್ರದ 14500 ಎಂಬ ಲಿಥಿಯಂ ಸೆಲ್ಲೂ ಆಗುತ್ತದೆ. 14 ಮಿಲಿಮೀಟರ್ ದಪ್ಪ, 50 ಮಿಲಿಮೀಟರ್ ಉದ್ದ ಎನ್ನುವುದೇ ಆ ಸಂಖ್ಯೆಯ ಅರ್ಥ. ಲೆಕ್ಕ ಹೀಗಿದೆ. ಚಾರ್ಜ್ ಆಗುವ ಒಳ್ಳೆಯ ಪೆನ್ ಸೆಲ್ಲಿನಲ್ಲಿ 1.2 ವೋಲ್ಟಿನ 2,000 ಮಿಲಿಆಂಪ್ ಅವರ್, ಅಂದರೆ 2.4 ವ್ಯಾಟ್ ಅವರ್ ಶಕ್ತಿ. ಒಂದು ವ್ಯಾಟಿಗೆ ಸುಮಾರು ನೂರು ಲುಮೆನ್ ಸಿಗುತ್ತದೆ ಎಂದು ಹಿಡಿದರೆ ನೂರು ಲುಮೆನ್ ಬೆಳಕು ಎರಡೂಕಾಲು ಗಂಟೆಯ ಮೇಲೆ ಸ್ವಲ್ಪ ಹೊತ್ತು. ಹತ್ತು ಲುಮೆನ್ ಆದರೆ ಎರಡು ಮೂರು ರಾತ್ರಿ. 14500 ಸೆಲ್ಲಿನಲ್ಲಿ ಮೂರು ವ್ಯಾಟ್ ಅವರ್ ಚಿಲ್ಲರೆ. ಲ್ಯಾಪ್‌ಟಾಪುಗಳಲ್ಲಿ ಇರುತ್ತಿದ್ದ 18650 ಸೆಲ್ಲಿನಲ್ಲಿ 12ಕ್ಕೂ ಹೆಚ್ಚು, ಆದರೆ ಅದನ್ನು ಹಿಡಿಸುವ ಟಾರ್ಚು ಅಂಗಿ ಜೇಬನ್ನು ಜೋಲಿಸುತ್ತದೆ. ಪೆನ್ ಸೆಲ್ಲಿನ ಟಾರ್ಚಿಗೆ 2,000 ಲುಮೆನ್ ಎಂದು ಬರೆದು ‘ಐದು ಗಂಟೆ ಉರಿಯುತ್ತದೆ’ ಎಂದರೆ, ಈ ಗುಣಾಕಾರ ಬಲ್ಲ ಹೈಸ್ಕೂಲು ಹುಡುಗಿಯೇ ಅದು ಸುಳ್ಳು ಎಂದು ಹೇಳಬಲ್ಲಳು.

ಸುಳ್ಳು ಹೇಳದೆಯೂ ಕಣ್ಣಿಗೆ ಮಣ್ಣೆರಚಬಹುದು. ಟಾರ್ಚು ತಯಾರಕರು ಒಪ್ಪಿಕೊಂಡಿರುವ ಎಫ್ಎಲ್1 ಎಂಬ ಅಮೆರಿಕದ ಮಾನದಂಡವಿದೆ. ಅದರ ಪ್ರಕಾರ ಲುಮೆನ್ ಅಳೆಯುವುದು ಹೊತ್ತಿಸಿದ ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ. ‘ಉರಿಯುವ ಹೊತ್ತು’ ಎನ್ನುವುದು ಆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನ ಕಾಲ. ಸಣ್ಣ ಟಾರ್ಚು ತುತ್ತತುದಿಯ ಬೆಳಕಿನಲ್ಲಿ ಒಂದೆರಡು ನಿಮಿಷದಲ್ಲೇ ಕೈ ಸುಡುವಷ್ಟು ಬಿಸಿಯಾಗುತ್ತದೆ; ಆಗ ಅದು ತಾನಾಗಿಯೇ ಬೆಳಕು ತಗ್ಗಿಸಿಕೊಳ್ಳುತ್ತದೆ, ತಗ್ಗಿಸಿಕೊಳ್ಳಲೇಬೇಕು. ಹಾಗಾಗಿ ಡಬ್ಬದ ದೊಡ್ಡ ಅಂಕಿ ಎರಡು ನಿಮಿಷದ ಮಾತು, ಉಳಿದ ಮೂರು ಗಂಟೆ ಬೇರೆಯದೇ ಬೆಳಕು. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ: ನಡುವಿನ ಹಂತದಲ್ಲಿ, ನೂರರ ಆಸುಪಾಸಿನ ಲುಮೆನ್ನಿನಲ್ಲಿ, ಬೆಳಕು ಒಂದೇ ಸಮ ಎಷ್ಟು ಹೊತ್ತು ನಿಲ್ಲುತ್ತದೆ? ಒಳ್ಳೆಯ ಟಾರ್ಚಿನೊಳಗಿನ ವಿದ್ಯುತ್ ಸರ್ಕ್ಯೂಟು ಸೆಲ್ಲು ಸೋಲುತ್ತಿದ್ದರೂ ಬೆಳಕನ್ನು ಕುಗ್ಗಲು ಬಿಡುವುದಿಲ್ಲ. ನಾವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಸಲ್ಲುವುದು ಕಣ್ಣಿಗೆ ಕಾಣದ ಆ ಸರ್ಕ್ಯೂಟಿಗೆ.

ಲಿಥಿಯಂ ಸೆಲ್ ಬಳಸುವವರಿಗೆ ಎರಡು ಎಚ್ಚರಿಕೆ. ಪೂರ್ತಿ ಚಾರ್ಜಾದ 14500ರಲ್ಲಿ 4.2 ವೋಲ್ಟ್ ಇರುತ್ತದೆ, ಪೆನ್ ಸೆಲ್ಲಿನಲ್ಲಿ 1.5. ನೋಡಲು ಎರಡೂ ಒಂದೇ. ಮನೆಯಲ್ಲಿ ಮಕ್ಕಳು ತೆಗೆದು ರಿಮೋಟಿಗೆ ಹಾಕಿದರೆ ರಿಮೋಟು ಸುಟ್ಟುಹೋಗುತ್ತದೆ, ಅದಕ್ಕಿಂತ ಹೆಚ್ಚಿನದೂ ಆಗಬಹುದು. ನಾನು ಅಂಥ ಸೆಲ್ಲಿಗೆ ಕೆಂಪು ಟೇಪು ಸುತ್ತಿಟ್ಟಿದ್ದೇನೆ. ಬಿಡಿ ಸೆಲ್ಲನ್ನು ಚಿಲ್ಲರೆ ಕಾಸು, ಬೀಗದ ಕೈ ಇರುವ ಜೇಬಿನಲ್ಲಿ ಹಾಕಬಾರದು. ಸಾದಾ ಪೆನ್ ಸೆಲ್ಲಿನ ತೊಂದರೆ ಬೇರೆ: ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಸೋರಿ, ಪೂತು ಹಿಡಿದು ಟಾರ್ಚನ್ನೇ ತಿನ್ನುತ್ತದೆ. ಬಳಸದ ಟಾರ್ಚಿನಿಂದ ಸೆಲ್ ತೆಗೆದಿಡಬೇಕು.

ನೀರಿನ ವಿಷಯ ಬೇಗ ಮುಗಿಯುತ್ತದೆ. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಾಳುತ್ತದೆ, ಐಪಿಎಕ್ಸ್8 ಅದಕ್ಕೂ ಮೇಲು. ನನ್ನದು ಲಕ್ಷ್ಮಣತೀರ್ಥದ ದಂಡೆಯಲ್ಲಿ ಒಮ್ಮೆ ಕೈತಪ್ಪಿ ನೀರಿಗೆ ಬಿತ್ತು. ನೀರೊಳಗೆ ಉರಿಯುತ್ತಲೇ ಇದ್ದುದರಿಂದ ಹುಡುಕುವುದು ಸುಲಭವಾಯಿತು.

ಗುಂಡಿಯ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಒಮ್ಮೆ ಒತ್ತಿದರೆ ಒಂದು, ಎರಡು ಸಲ ಒತ್ತಿದರೆ ಇನ್ನೊಂದು, ಒತ್ತಿ ಹಿಡಿದರೆ ಮತ್ತೊಂದು, ಏಳು ಸಲ ಒತ್ತಿದರೆ ಮಿನುಗು ಎಂಬಂಥ ಟಾರ್ಚುಗಳಿವೆ. ನಿದ್ದೆಗಣ್ಣಿನಲ್ಲಿ, ಕೊಟ್ಟಿಗೆಯಲ್ಲಿ ಎಮ್ಮೆ ಕರು ಹಾಕುತ್ತಿರುವಾಗ, ಅದನ್ನೆಲ್ಲ ನೆನಪಿಟ್ಟುಕೊಳ್ಳುವವರು ಯಾರು? ಕೈಗೆ ಕೊಟ್ಟ ಕೂಡಲೇ, ಯಾರೂ ಹೇಳಿಕೊಡದೆ, ಹೊತ್ತಿಸಿ ಆರಿಸಲು ಬರಬೇಕು. ಮೊದಲ ಒತ್ತಿಗೆ ಸಣ್ಣ ಬೆಳಕೇ ಬರಬೇಕು, ಏಕೆಂದರೆ ಮಲಗಿದ ಮಗುವಿನ ಪಕ್ಕದಲ್ಲೂ ಇದನ್ನು ಹೊತ್ತಿಸಬೇಕಾಗುತ್ತದೆ. ಜೇಬಿನೊಳಗೆ ತಾನಾಗಿ ಒತ್ತಿಕೊಂಡು ಹೊತ್ತದಂತೆ ಬೀಗವೂ ಇರಬೇಕು. ಹಿಂಬದಿಯ ತಿರುಪನ್ನು ಅರ್ಧ ಸುತ್ತು ಸಡಿಲಿಸಿದರೆ ಸಂಪರ್ಕ ಕಡಿಯುವ ಹಳೆಯ ಉಪಾಯವೇ ಎಲ್ಲಕ್ಕಿಂತ ನಂಬಿಕೆಯದು. ನನ್ನ ಟಾರ್ಚು ಈ ಪರೀಕ್ಷೆಯಲ್ಲಿ ಅರ್ಧ ಮಾತ್ರ ಗೆದ್ದಿದೆ. ಚಿಕ್ಕಪ್ಪನ ಕೈಲಿ ಆ ರಾತ್ರಿ ಅದು ಒಮ್ಮೆ ಮಿನುಗುವ ಹಂತಕ್ಕೆ ಹೋಗಿ, ನಾನು ಎದ್ದು ಹೋಗಿ ಸರಿಮಾಡಬೇಕಾಯಿತು.

ಹಾಗಾದರೆ ರಾಗಿಯ ತೂಕ? ರಾತ್ರಿ ಹೊರಗೆ ದುಡಿಯುವವರ ಮನೆಗೆ, ಬಣ್ಣ ತೋರುವ, ಪೆನ್ ಸೆಲ್ ತಿನ್ನುವ, ನೀರಿಗೆ ಹೆದರದ ಟಾರ್ಚಿಗೆ ಅರ್ಧ ಕ್ವಿಂಟಲ್ ರಾಗಿಯ ಬೆಲೆ ಕೊಡುವುದು ನ್ಯಾಯ ಎಂದು ನನಗೆ ಈಗ ಅನ್ನಿಸುತ್ತದೆ. ಅಷ್ಟಕ್ಕೇ ಅಂಥವು ಸಿಗುತ್ತವೆ. ನಾನು ಕೊಟ್ಟ ಉಳಿದರ್ಧ ಹೋದದ್ದು ಅಂದಕ್ಕೆ, ನುಣುಪಿಗೆ, ಆ ಎರಡು ನಿಮಿಷದ ದೊಡ್ಡ ಬೆಳಕಿಗೆ. ಅದು ಬೇಕಿರಲಿಲ್ಲ.

ಅರ್ಧ ಬೆಲೆಯದನ್ನು ದೀಪಾವಳಿಗೆ ಅವ್ವನಿಗೆಂದು ತಂದೆ. ನಮ್ಮ ಮನೆಯಲ್ಲಿ ರಾತ್ರಿ ಹೆಚ್ಚು ಸಲ ಹೊರಗೆ ಹೋಗುವವಳು ಅವಳೇ: ಕೊಟ್ಟಿಗೆಗೆ, ಹಿತ್ತಲಿಗೆ, ಬ್ಯಾರನ್ ಕಾಯುವವರಿಗೆ ಊಟ ಕೊಡಲು. ತಿರುಗಿಸಿ ಮುರುಗಿಸಿ ನೋಡಿ, ಬೆಳಕನ್ನು ಅಂಗೈಗೆ ಬಿಟ್ಟುಕೊಂಡು ನೋಡಿ, ಅವ್ವ ಕೇಳಿದಳು: ‘ಚೆಂದಾಗೈತೆ ಕಪ್ಪ, ಇದ್ನ ಎಲ್ಲಿ ಮಡೀಕಳ್ಳಿ?’

ನನಗೆ ಕೂಡಲೇ ಉತ್ತರ ತೋಚಲಿಲ್ಲ. ಜೇಬಿನ ಟಾರ್ಚಿನ ಬಗ್ಗೆ ವರ್ಷವಿಡೀ ಯೋಚಿಸಿದ್ದೆ, ಸೀರೆಗೆ ಜೇಬಿಲ್ಲ ಎಂಬುದು ಹೊಳೆದಿರಲಿಲ್ಲ. ಟಾರ್ಚಿನ ಪಕ್ಕದ ಕ್ಲಿಪ್ಪನ್ನು ಸೊಂಟದ ನೆರಿಗೆಗೆ ಸಿಕ್ಕಿಸಿ ತೋರಿಸಿದೆ. ಬಗ್ಗಿದರೆ ಚುಚ್ಚುತ್ತದೆ ಎಂದಳು. ಒಂದು ವಾರ ಎಲೆಅಡಿಕೆ ಚೀಲದಲ್ಲಿ ಹಾಕಿ ನೋಡಿದಳು, ಸುಣ್ಣದ ಡಬ್ಬಿಗೆ ತಗುಲಿ ಗುಂಡಿ ಒತ್ತಿಕೊಳ್ಳುತ್ತಿತ್ತು. ಈಗ ಅದರ ಬಾಲದ ತೂತಿಗೆ ಸೊಪ್ಪು ಪೋಣಿಸುವ ದಾರ ಕಟ್ಟಿ, ಉದ್ದ ಬಿಟ್ಟು, ಕತ್ತಲಾದೊಡನೆ ಕೊರಳಿಗೆ ಹಾಕಿಕೊಳ್ಳುತ್ತಾಳೆ. ಹಾಲು ಕರೆಯುವಾಗ ಎರಡೂ ಕೈ ಬಿಡುವಿರುತ್ತದೆ, ಬೆಳಕು ನೇರವಾಗಿ ತಂಬಿಗೆಯೊಳಗೆ ಬೀಳುತ್ತದೆ.